ಚಾಪೆಯ ಮೇಲೆ ಮೈಸೂರು ಪ್ಯಾಸೆಂಜರ್

ಬೆಂಗಳೂರಿನ ಸಿದ್ದಾಪುರದ ಮಗುವಿಗೆ ರೈಲು ಹೊಸದೇನಲ್ಲ. ಲಾಲ್‌ಬಾಗಿನ ಆಚೆ ಬದಿಗೆ ಹೋದರೆ ಹಸಿರು ಮಾರ್ಗದ ಮೆಟ್ರೋ ತಲೆಯ ಮೇಲೇ ಓಡುತ್ತದೆ. ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲೂ ದೂರವಿಲ್ಲ. ಆದರೆ ಅಲ್ಲೆಲ್ಲ ಅದು ಬರೀ ಪ್ರಯಾಣಿಕ. ಮನೆಯ ಚಾಪೆಯ ಮೇಲೆ ಹಳಿ ಹಾಸಿಕೊಂಡಾಗ ಡ್ರೈವರು, ಗಾರ್ಡು, ಸ್ಟೇಷನ್ ಮಾಸ್ಟರು ಎಲ್ಲ ಅದೇ. ಗಣಿತ ಮುಗಿದು ವಿಜ್ಞಾನ ಶುರುವಾಯಿತೆಂದು ಅಲ್ಲಿ ಯಾರೂ ಗಂಟೆ ಹೊಡೆಯುವುದಿಲ್ಲ.

ಮರದ ಹಳಿಯ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಎಂಟು ದೊಡ್ಡ ಬಾಗು ತುಂಡು ಸೇರಿದರೆ ಒಂದು ಸುತ್ತು. ಅಂದರೆ ಒಂದೊಂದು ತುಂಡೂ 45 ಡಿಗ್ರಿ. ಒಂದು ತುಂಡು ಸೋಫಾದಡಿ ಸೇರಿಕೊಂಡಿದ್ದರೆ ವೃತ್ತ ಬಾಯಿಬಿಟ್ಟುಕೊಂಡು ಕೂರುತ್ತದೆ. ಸುತ್ತನ್ನು ಉದ್ದ ಮಾಡಲು ಈ ಕಡೆ ಎರಡು ನೇರ ಹಳಿ ಹಾಕಿದರೆ ಎದುರು ಕಡೆಯೂ ಎರಡು ಹಾಕಲೇಬೇಕು. ಸಮಾನಾಂತರ ರೇಖೆಯ ಹೆಸರು ಕೇಳುವ ಮೊದಲೇ ಅದರ ವ್ಯವಹಾರ ಕೈಗೆ ಬಂದಿರುತ್ತದೆ.

ತುಸು ದೊಡ್ಡವರಾದ ಮೇಲೆ ಮಾದರಿ ರೈಲು. ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆಯಲ್ಲಿ ಎಲ್ಲವೂ ನಿಜದ 87ನೇ ಒಂದು ಭಾಗ, ಹಳಿಗಳ ನಡುವಿನ ಅಂತರ 16.5 ಮಿ.ಮೀ. ಗುಣಿಸಿದರೆ 1,435 ಮಿ.ಮೀ.! ಅದು ನಮ್ಮ ಮೆಟ್ರೋದ ಗೇಜು. ಮೈಸೂರಿನ ಬ್ರಾಡ್‌ಗೇಜ್ 1,676. ಹಾಗಾಗಿ ಮೇಜಿನ ಮೇಲಿನ ಗಾಡಿ ಹಳಿಯ ಲೆಕ್ಕದಲ್ಲಿ ಮೆಟ್ರೋಗೇ ಹತ್ತಿರದ ನೆಂಟ. ಇದೇ ಅಳತೆಯಲ್ಲಿ ಸುಮಾರು 138 ಕಿ.ಮೀ.ಗಳ ಬೆಂಗಳೂರು–ಮೈಸೂರು ದಾರಿ 1.6 ಕಿ.ಮೀ.ಗೆ ಇಳಿಯುತ್ತದೆ. ಸಿದ್ದಾಪುರದಲ್ಲಿ ಹೊರಟರೆ ಸೌತ್ ಎಂಡ್ ಸರ್ಕಲ್ ಆಸುಪಾಸಿನಲ್ಲೇ ಮೈಸೂರು!

ಪಠ್ಯಪುಸ್ತಕಗಳನ್ನು ಪೇರಿಸಿ ಘಾಟಿ ಕಟ್ಟಿದಾಗ ಇಂಜಿನ್ ಅರ್ಧಕ್ಕೇ ಜಾರುತ್ತದೆ. ಒಂದು ಪುಸ್ತಕ ತೆಗೆದರೆ ಹತ್ತುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯ ರೈಲು ಮಾರ್ಗದಲ್ಲಿ ಇಂಜಿನಿಯರುಗಳು ಇಟ್ಟುಕೊಂಡ ಮಿತಿ 50 ಮೀಟರಿಗೆ 1 ಮೀಟರ್ ಏರು. ಅದಕ್ಕೇ ಅಲ್ಲಿ ಅಷ್ಟು ಸುತ್ತು, 57 ಸುರಂಗ. ಬೋಗಿಯನ್ನು ತಿರುಗಿಸಿ ಹಿಡಿದರೆ ಅಯಸ್ಕಾಂತದ ಕೊಂಡಿ ಮುನಿಸಿಕೊಳ್ಳುವುದು ಇನ್ನೊಂದು ಪಾಠ.

ಭಾಷೆಯ ಪಾಠವಂತೂ ಬಾಯಿತುಂಬ. "ಪ್ರಯಾಣಿಕರೇ, ದಯವಿಟ್ಟು ಗಮನಿಸಿ" ಎಂದು ಅಕ್ಕ ಘೋಷಿಸುತ್ತಾಳೆ. ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ ಎಂದು ರಟ್ಟಿನ ಹಳದಿ ಬೋರ್ಡುಗಳು ಸಾಲಾಗಿ ಏಳುತ್ತವೆ. ಮದ್ದೂರಿನಲ್ಲಿ ತಮ್ಮ ವಡೆ ಮಾರಿ ಚಿಲ್ಲರೆ ಎಣಿಸುತ್ತಾನೆ. ಈ ದಾರಿ ಯಾಕೆ ಹಾಕಿದರು ಎಂದು ಕೇಳಿದರೆ ಚರಿತ್ರೆಯೂ ಬರುತ್ತದೆ: 1876–78ರ ಭೀಕರ ಬರದಲ್ಲಿ ಹಸಿದವರಿಗೆ ಕೂಲಿ ಕೊಡಲು ಈ ಮಾರ್ಗದ ಕೆಲಸ ಹಿಡಿದರು. ಆಗ ಅದು ಮೀಟರ್ ಗೇಜ್.

ಆಟಿಕೆ ಹುಟ್ಟುವ ಊರೂ ಆ ದಾರಿಯಲ್ಲೇ ಇದೆ. ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಚರಕಿಗೆ ಕೊಟ್ಟು ಗಾಲಿ ಕಡೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅದು ಕರಗಿ ಹತ್ತುತ್ತದೆ. ಘರ್ಷಣೆಯಿಂದ ಶಾಖ ಎಂಬುದನ್ನು ಕಣ್ಣಾರೆ ನೋಡಲು ಇದಕ್ಕಿಂತ ಒಳ್ಳೆಯ ಪ್ರಯೋಗಾಲಯ ಬೇಕೆ?

ಕೊಡಿಸುವುದಾದರೆ ಗುಂಡಿ ಒತ್ತಿದರೆ ತಾನಾಗಿ ಸುತ್ತುವ ಗಾಡಿ ಬೇಡ. ಬಿಚ್ಚಿ ಜೋಡಿಸುವ ಹಳಿ ಕೊಡಿಸಿ. ರಜೆಯಲ್ಲಿ ಒಂದು ದಿನ ಮೈಸೂರು ಗಾಡಿ ಹತ್ತಿಸಿ ಚನ್ನಪಟ್ಟಣದಲ್ಲಿ ಇಳಿಸಿ. ಹಳಿ ತಪ್ಪಿದಾಗ ಮಾತ್ರ ದೊಡ್ಡವರು ಕೈ ಹಾಕಬಾರದು.