ಸೈರನ್ ನಿಂತ ಊರಿನಲ್ಲಿ ನಿದ್ದೆ

ಬಂಗಾರಪೇಟೆ ಎಂದೊಡನೆ ಬಾಯಲ್ಲಿ ನೀರೂರುತ್ತದೆ, ಅಲ್ಲವೇ? ನೀರಿನಂತೆ ತಿಳಿಯಾಗಿದ್ದೂ ಮೂಗಿಗೇರುವ ಆ ಪಾನಿಪೂರಿ ತಿನ್ನದೆ ಬಂದವರುಂಟೆ! ತಿಂದಾದ ಮೇಲೆ ಮಾರಿಕುಪ್ಪಂ ರೈಲು ಹತ್ತಿ ಚಿನ್ನದ ಗಣಿಯ ಊರನ್ನೂ ನೋಡಿ ಬನ್ನಿ. ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿದರೆ ಮಾರಿಕುಪ್ಪಂ. ಅಲ್ಲಿ ಕಾಣುವ ಬೂದುಬಣ್ಣದ ಗುಡ್ಡಗಳು ದೇವರು ಮಾಡಿದವಲ್ಲ. ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣು. ಸೈನೈಡ್ ದಿಬ್ಬ ಅಂತಾರೆ.

ಶಿವನಸಮುದ್ರದ ವಿದ್ಯುತ್ ಈ ಗಣಿಗಳಿಗೆ 1902ರಲ್ಲೇ ಬಂತು. ಬೆಂಗಳೂರಿನ ಬೀದಿಗೆ 1905ರಲ್ಲಿ. ಗಣಿಯೊಳಗೆ ಹಗಲೂ ರಾತ್ರಿಯೂ ಪಾಳಿ. ಸೈರನ್ ಕೂಗಿದಾಗ ಏಳಬೇಕು, ಪಾಳಿ ಬಿಟ್ಟಾಗ ಮಲಗಬೇಕು. ನಿದ್ದೆ ಅವರ ಇಷ್ಟಕ್ಕೆ ಬಿಟ್ಟ ವಿಷಯವೇ ಆಗಿರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಈಗ ಸಾವಿರಾರು ಜನ ನಸುಕಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ.

ರಾಬರ್ಟ್‌ಸನ್‌ಪೇಟೆಯಲ್ಲಿರುವ ನಮ್ಮಕ್ಕನ ಸೊಸೆಯೂ ಅವರಲ್ಲೊಬ್ಬಳು. ಏಳುವುದು ನಾಲ್ಕೂವರೆಗೆ. ರಾತ್ರಿ ಬಂದು ಅಡಿಗೆ, ಪಾತ್ರೆ ಮುಗಿಸಿ ಹನ್ನೊಂದಕ್ಕೆ ಹಾಸಿಗೆ ಸೇರಿದರೂ ಕೈಯಲ್ಲಿ ಮೊಬೈಲು. ಹನ್ನೆರಡೂವರೆಯಾದರೂ ರೀಲ್ಸ್ ಮುಗಿಯದು. "ಕಣ್ಣು ಹಾಳು ಮಾಡ್ಕೋತೀಯ" ಎಂದು ಅಕ್ಕ ಗದರಿದರೆ ಆಕೆ ಮೆಲ್ಲಗೆ ಹೇಳಿದಳಂತೆ: "ಅತ್ತೆ, ದಿನವೆಲ್ಲ ಆಫೀಸಿಂದು, ಮನೇದು. ಇದೊಂದು ಗಂಟೆ ಮಾತ್ರ ನಂದು."

ಸೋದರಿಯರೇ, ಈ ಮಾತಿಗೆ ನೀವಾದರೆ ಏನು ಹೇಳುವಿರಿ? ಗದರುವುದು ಸುಲಭ. ಆದರೆ ನಾಲ್ಕೇ ಗಂಟೆಯ ನಿದ್ದೆಯಲ್ಲಿ ಎಷ್ಟು ದಿನ ನಡೆದೀತು? ದೊಡ್ಡವರಿಗೂ ಏಳು ಗಂಟೆಯಾದರೂ ನಿದ್ದೆ ಬೇಕು. ನಿಮ್ಮ ಕೈಯಲ್ಲಿರುವ ಪತ್ರಿಕೆಗೆ ಕೊನೆಯ ಪುಟವುಂಟು, ಮೊಬೈಲಿಗೆ ಅದಿಲ್ಲ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿ ಬರುತ್ತದೆ. ಅದರ ಬೆಳಕು ಬೇರೆ ಬರುವ ನಿದ್ದೆಯನ್ನು ದೂರ ತಳ್ಳುತ್ತದೆ.

ನಮ್ಮಕ್ಕ ಜಾಣೆ. ಮೊಬೈಲು ಕಿತ್ತುಕೊಳ್ಳಲಿಲ್ಲ, ಕೆಲಸ ಹಂಚಿದಳು. ಚಪಾತಿ ತಾನು ಲಟ್ಟಿಸುತ್ತಾಳೆ, ಪಾತ್ರೆ ತೊಳೆದು ಬುತ್ತಿ ಸಿದ್ಧಮಾಡುವುದು ಮಗನ ಪಾಲಿಗೆ. ಸೊಸೆಯ ಆ ಒಂದು ಗಂಟೆ ಈಗ ಒಂಬತ್ತಕ್ಕೇ ಸಿಗುತ್ತದೆ. ಹತ್ತಕ್ಕೆ ಮೊಬೈಲು ನಡುಮನೆಯಲ್ಲಿ ಚಾರ್ಜಿಗೆ. ಎಬ್ಬಿಸಲು ಹಳೆಯ ಅಲಾರಂ ಗಡಿಯಾರವಿದೆ. ಶನಿವಾರ ಮಾತ್ರ ತಡವಾಗಿ ನೋಡುತ್ತಾಳೆ. ನೋಡಲಿ ಬಿಡಿ, ಅದು ಅವಳಿಷ್ಟ.

ನಿಮ್ಮ ಮನೆಯಲ್ಲೂ ಯಾರಾದರೂ ನಡುರಾತ್ರಿ ಮೊಬೈಲು ಹಿಡಿದು ಕೂತಿದ್ದರೆ, ಬೈಯುವ ಮೊದಲು ಒಂದು ಮಾತು ಕೇಳಿ: ಹಗಲಿನಲ್ಲಿ ಅವರದೇ ಎನ್ನುವ ಒಂದು ಗಂಟೆ ಅವರಿಗುಂಟೆ?