ಜನರೇಟರ್ ಹೊಗೆಗೂ ಒಂದು ದಾರಿ ಬೇಕು

ಮಳೆಗಾಲ ಬಂತು, ಕರೆಂಟ್ ಹೋಗುವುದು ಮಾಮೂಲು. ಕಾಂಪ್ಲೆಕ್ಸುಗಳಲ್ಲಿ ಜನರೇಟರ್ ಶುರುವಾಗುತ್ತದೆ. ಅದರ ಹೊಗೆ ಕೊಳವೆ ಎಲ್ಲಿಗೆ ಹೋಗುತ್ತದೆಂದು ಒಮ್ಮೆ ನೋಡಿ. ಎಷ್ಟೋ ಕಡೆ ಅದು ಬೇಸ್‌ಮೆಂಟಿನಲ್ಲೋ ಪಕ್ಕದ ಮನೆಯ ಕಿಟಕಿಯ ಕೆಳಗೋ ಮುಗಿದುಬಿಡುತ್ತದೆ.

ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಮಂಪರು; ಆಮೇಲೆ ಎಚ್ಚರವೇ ತಪ್ಪುತ್ತದೆ.

ಡೀಸೆಲ್ ಜನರೇಟರಿನ ಕೊಳವೆ ಕಟ್ಟಡಕ್ಕಿಂತ ಎತ್ತರವಿರಬೇಕೆಂಬ ನಿಯಮವಿದೆ. ಕೆವಿಎ ಸಾಮರ್ಥ್ಯದ ವರ್ಗಮೂಲವನ್ನು 0.2ರಿಂದ ಗುಣಿಸಿದರೆ ಬರುವಷ್ಟು ಮೀಟರ್ ಹೆಚ್ಚಿಗೆ. ಅಂದರೆ 100 ಕೆವಿಎ ಯಂತ್ರಕ್ಕೆ 2 ಮೀಟರ್. ಜೋಡಣೆಗಳಲ್ಲಿ ಸೋರಿಕೆ ಇರಬಾರದು. ಕಟ್ಟಡದೊಳಗೆ ಹಾಯುವ ಕೊಳವೆಗೆ ಶಾಖನಿರೋಧಕ ಹೊದಿಕೆ, ತುದಿಗೆ ಮಳೆನೀರು ಇಳಿಯದಂಥ ಮುಚ್ಚಳ ಬೇಕು.

ಅಂಗಡಿಯ ಚಿಕ್ಕ ಪೆಟ್ರೋಲ್ ಜನರೇಟರ್ ಬಗ್ಗೆ ಇನ್ನೂ ಹೆಚ್ಚು ಎಚ್ಚರವಿರಲಿ. ಶಟರ್ ಅರ್ಧ ತೆರೆದರೆ, ಫ್ಯಾನ್ ಹಾಕಿದರೆ ಸಾಲದು. ಅದು ಹೊರಗೇ, ಕಿಟಕಿ ಬಾಗಿಲುಗಳಿಂದ ದೂರದಲ್ಲೇ ಇರಬೇಕು.

ನಿಮ್ಮ ಕಟ್ಟಡದ ಮುಂದಿನ ಸಭೆಯಲ್ಲಿ ದಯವಿಟ್ಟು ಈ ಮಾತೆತ್ತಿ. ಕೊಳವೆಗೆ ಆಗುವ ಖರ್ಚು ಒಂದು ಜೀವಕ್ಕಿಂತ ದೊಡ್ಡದಲ್ಲ.