ಕೈಗೆ ಎಷ್ಟು ಬಂತು?

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಮನೇಲಿ ಆನ್‌ಲೈನ್ ಕೆಲಸ ಮಾಡೋ ಮಕ್ಕಳಿದ್ದರೆ ಅವರಿಗೂ ಓದಿಸಿ.

ನಮ್ಮಪ್ಪ ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಆಗಿದ್ದರು. ಮೂಟೆಗೆ ಇಷ್ಟು ಅಂತ ಕೂಲಿ. ಲೆಕ್ಕ ಬರೆಯೋನು ಮೇಸ್ತ್ರಿ. ಅಪ್ಪನಿಗೆ ಅಕ್ಷರ ಬರ್ತಿರಲಿಲ್ಲ. ಆದರೆ ದಿನಾ ಮನೆಗೆ ಬಂದ ಮೇಲೆ ಒಲೆ ಪಕ್ಕದ ಗೋಡೆ ಮೇಲೆ ಇದ್ದಿಲಲ್ಲಿ ಗೆರೆ ಎಳೀತಿದ್ದರು, ಹತ್ತು ಮೂಟೆಗೆ ಒಂದು ಗೆರೆ. ಶನಿವಾರ ಬಟವಾಡೆ. ನಮ್ಮ ಗೋಡೆ ಲೆಕ್ಕಕ್ಕೂ ಮೇಸ್ತ್ರಿ ಪುಸ್ತಕದ ಲೆಕ್ಕಕ್ಕೂ ಒಂದು ವಾರವೂ ತಾಳೆ ಆಗಿದ್ದು ನನಗೆ ನೆನಪಿಲ್ಲ. ಕೇಳಿದರೆ "ನಿಂಗೇನೋ ಗೊತ್ತು ಲೆಕ್ಕ" ಅಂತ ಒಂದೇ ಮಾತು.

ಹೋದ ಭಾನುವಾರ ಯಲಹಂಕದ ಅಕ್ಕನ ಮನೆಯಲ್ಲಿ ಆ ಗೋಡೆ ನೆನಪಾಯ್ತು.

ಅಕ್ಕನ ಮಗಳು ಬಿ.ಕಾಂ. ಮುಗಿಸಿ, ಡಿಸೈನ್ ಕಲಿತು, ಕಂತಿನ ಮೇಲೆ ಲ್ಯಾಪ್‌ಟಾಪ್ ತಗೊಂಡು ಎರಡು ವರ್ಷದಿಂದ ಮನೆಯಿಂದಲೇ ಫ್ರೀಲ್ಯಾನ್ಸ್ ಕೆಲಸ ಮಾಡ್ತಿದ್ದಾಳೆ. ಲೋಗೋ, ಪೋಸ್ಟರ್, ಪುಸ್ತಕದ ಮುಖಪುಟ. ಗಿರಾಕಿಗಳೆಲ್ಲ ಹೊರದೇಶದವರು. "ಮಾವ, ನೂರು ಡಾಲರ್ ಕೆಲಸ ಮುಗಿಸ್ದೆ" ಅಂತ ಖುಷಿಯಾಗಿ ಹೇಳಿದಳು. ಅಕ್ಕ ಅಡುಗೆಮನೆಯಿಂದಲೇ, "ಅದಿರ್ಲಿ, ಬ್ಯಾಂಕಿಗೆ ಎಷ್ಟು ಬಂತು ಅಂತ ನಿಮ್ಮ ಮಾವಂಗೆ ಹೇಳು" ಅಂದಳು. ಹುಡುಗಿ ಸುಮ್ಮನಾದಳು. ನಾನೇ ಒಂದು ನೋಟ್‌ಬುಕ್ ಈಸ್ಕೊಂಡು, "ಬಾ, ಕೂತ್ಕೋ, ಬರೆಯೋಣ" ಅಂದೆ.

ಬರೆದಿದ್ದು ಇಷ್ಟು. ಫೈವರ್‌ನಲ್ಲಿ ಕೆಲಸ ಮಾಡಿದವರ ದುಡಿಮೆಯಿಂದ ಶೇಕಡಾ 20 ಮುರಕೊಳ್ತಾರೆ. ನೂರಕ್ಕೆ ಎಂಬತ್ತು ಕೈಗೆ. ಫ್ರೀಲ್ಯಾನ್ಸರ್ ಡಾಟ್ ಕಾಮ್‌ನಲ್ಲಿ ಗುತ್ತಿಗೆ ಕೆಲಸಕ್ಕೆ ಶೇಕಡಾ 10 ಅಥವಾ 5 ಡಾಲರ್, ಯಾವುದು ಜಾಸ್ತಿಯೋ ಅದು. ನೂರು ಡಾಲರ್ ಕೆಲಸಕ್ಕೆ ಹತ್ತು ಹೋಗುತ್ತೆ, ಸರಿ. ಆದರೆ ಹೊಸಬರಿಗೆ ಮೊದಲು ಸಿಗೋದು 20 ಡಾಲರಿನ ಕೆಲಸ. ಅದರಲ್ಲಿ 5 ಹೋದರೆ ಶೇಕಡಾ 25 ಆಯ್ತು! ಸಣ್ಣ ಕೂಲಿಗೆ ದೊಡ್ಡ ಕಡಿತ.

ಅಪ್‌ವರ್ಕ್‌ನಲ್ಲಿ ಮೊದಲು ಒಬ್ಬ ಗಿರಾಕಿಯ ಮೊದಲ 500 ಡಾಲರಿಗೆ ಶೇಕಡಾ 20, ಆಮೇಲೆ 10, ಆಮೇಲೆ 5 ಅಂತಿತ್ತು. 2023ರಲ್ಲಿ ಎಲ್ಲರಿಗೂ ಶೇಕಡಾ 10 ಆಯ್ತು. 2025ರ ಮೇ ತಿಂಗಳಿಂದ ಹೊಸ ಗುತ್ತಿಗೆಗಳಿಗೆ ಶೇಕಡಾ 0ಯಿಂದ 15ರವರೆಗೆ, ಕೆಲಸಕ್ಕೆ ತಕ್ಕ ಹಾಗೆ. ಅದರ ಮೇಲೆ ಕೆಲಸಕ್ಕೆ ಅರ್ಜಿ ಹಾಕೋಕೇ 'ಕನೆಕ್ಟ್' ಕೊಳ್ಳಬೇಕು, ಒಂದಕ್ಕೆ 15 ಸೆಂಟ್. ಲೆಕ್ಕಕ್ಕೆ ಹೀಗಿಟ್ಕೊಳ್ಳಿ: ಒಂದು ಅರ್ಜಿಗೆ 12 ಕನೆಕ್ಟ್, ಹತ್ತು ಅರ್ಜಿ ಹಾಕಿದ ಮೇಲೆ ಒಂದು ಕೆಲಸ. 120 ಕನೆಕ್ಟ್, 18 ಡಾಲರ್. ಶುಲ್ಕ ಶೇಕಡಾ 10 ಅಂದ್ಕೊಂಡರೂ ನೂರರಲ್ಲಿ ಉಳಿಯೋದು 72. ಡಾಲರು ರೂಪಾಯಿ ಆಗೋವಾಗ ಇನ್ನಷ್ಟು ಸವೆಯುತ್ತೆ.

ಇನ್ನು ಹೊತ್ತಿನ ಲೆಕ್ಕ. ಕೆಲಸಕ್ಕೆ 10 ಗಂಟೆ. ಹತ್ತು ಅರ್ಜಿಗೆ ಅರ್ಧರ್ಧ ಗಂಟೆ ಅಂದ್ರೂ 5 ಗಂಟೆ. ಗಂಟೆಗೆ 10 ಡಾಲರ್ ಅಂತ ಒಪ್ಕೊಂಡ ಕೆಲಸ, 72ನ್ನು 15 ಗಂಟೆಗೆ ಹಂಚಿದರೆ ಗಂಟೆಗೆ 4 ಡಾಲರ್ 80 ಸೆಂಟ್. ಅರ್ಧಕ್ಕಿಂತ ಕಮ್ಮಿ. ಎರಡು ವರ್ಷ ದುಡಿದ ಹುಡುಗಿ ಇದನ್ನ ಒಂದು ಸಲವೂ ಬರೆದು ನೋಡಿರಲಿಲ್ಲ. ಶೇಕಡಾ ಎಷ್ಟು ಅಂತ ಮಾತ್ರ ನೋಡಿದ್ದಳು.

"ಇಷ್ಟು ಹೋಗುತ್ತಲ್ಲಮ್ಮ, ಬಿಟ್ಟು ಇಲ್ಲೇ ಎಲ್ಲಾದ್ರೂ ಕೆಲಸಕ್ಕೆ ಸೇರ್ಕೋ" ಅಂತ ಬಾಯಿ ತಪ್ಪಿ ಅಂದುಬಿಟ್ಟೆ.

ಅವಳು ತಲೆ ಎತ್ತಿ ನೋಡಿದಳು. "ಆರ್.ಟಿ. ನಗರದಲ್ಲಿ ಇಂಟರ್‌ವ್ಯೂಗೆ ಹೋಗಿದ್ನಲ್ಲ ಮಾವ. ಕೆಲಸ ಎಲ್ಲ ನೋಡಿ ಚೆನ್ನಾಗಿದೆ ಅಂದ್ರು. ಆಮೇಲೆ ಯಾವೂರು ಅಂದ್ರು, ಹೇಳ್ದೆ. ಮನೆದೇವ್ರು ಯಾವ್ದು ಅಂದ್ರು, ಹೇಳ್ದೆ. ಫೋನ್ ಮಾಡ್ತೀವಿ ಅಂದ್ರು, ಅಷ್ಟೇ. ಇಲ್ಲಿ ಶೇಕಡಾ 20 ಹೋಗ್ಲಿ, ಯಾರೂ ಮನೆದೇವ್ರು ಕೇಳಲ್ಲ."

ನನ್ನ ಹತ್ರ ಉತ್ತರ ಇರಲಿಲ್ಲ. ವೇದಿಕೆ ಮೇಲೆ ಗಂಟೆಗಟ್ಟಲೆ ಮಾತಾಡೋ ನಾನು ನೋಟ್‌ಬುಕ್ ನೋಡ್ತಾ ಕೂತೆ.

ಮನೆಗೆ ಬಂದ ಮೇಲೆ ಇದೇ ಯೋಚನೆ. ಬೇರೆಯವರಿಗೆ ಆ ಶೇಕಡಾ 20 ಬರೀ ದಲ್ಲಾಳಿ ದುಡ್ಡು. ನಮ್ಮ ಮಕ್ಕಳಿಗೆ ಅದು ಜಾತಿ ಕೇಳದೇ ಇರೋದಕ್ಕೆ ಕಟ್ಟೋ ಬಾಡಿಗೆ. ಜಾತಿ ಅನ್ನೋದು ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ಒಬ್ಬರ ಕೆಳಗೆ ಒಬ್ಬರಂತೆ ವಿಂಗಡಿಸುತ್ತೆ ಅಂತ ಬಾಬಾಸಾಹೇಬರು 1936ರಲ್ಲೇ ಬರೆದರು. ಆ ವಿಂಗಡಣೆ ಇಲ್ಲಿ ಇರೋದರಿಂದಲೇ ನಮ್ಮ ಹುಡುಗಿ ಸಮುದ್ರದಾಚೆ ಗಿರಾಕಿ ಹುಡುಕ್ತಾಳೆ. ಇಲ್ಲಿನ ಬಾಗಿಲು ಮುಚ್ಚಿದಷ್ಟೂ ಅಲ್ಲಿ ಎಷ್ಟು ಮುರಕೊಂಡರೂ ಅವಳು ಬಾಯಿ ಬಿಡಲ್ಲ. ಅವಮಾನ ತಪ್ಪಿತು ಅನ್ನೋ ಸಮಾಧಾನದಲ್ಲಿ ಕೂಲಿ ಬಿಟ್ಟುಕೊಡೋದನ್ನ ಆಯ್ಕೆ ಅನ್ನಬೇಡಿ. ಮರ್ಯಾದೆಯೂ ಬೇಕು, ಪೂರಾ ಕೂಲಿಯೂ ಬೇಕು. 1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡಿಕೊಂಡ ಬಾಬಾಸಾಹೇಬರಿಗೆ ಈ ಎರಡೂ ಬೇರೆ ಬೇರೆ ಆಗಿರಲಿಲ್ಲ.

ಕಡಿತ ದೇವರು ಬರೆದಿದ್ದಲ್ಲ, ಬದಲಾಗುತ್ತೆ. ನಮ್ಮ ಭಾವ ಹೆಬ್ಬಾಳದಲ್ಲಿ ಆಟೋ ಓಡಿಸ್ತಾರೆ, ಅವರನ್ನೇ ಕೇಳಿ. ಬೆಂಗಳೂರಿನ ಆಟೋ ಚಾಲಕರ ಯೂನಿಯನ್ ಕಮಿಷನ್ ವಿರುದ್ಧ ನಿಂತು, ಜಸ್‌ಪೇ ಕಂಪನಿ ಜೊತೆ ಸೇರಿ 2022ರಲ್ಲಿ 'ನಮ್ಮ ಯಾತ್ರಿ' ತಂದಿತು. ಕಮಿಷನ್ ಇಲ್ಲ, ಆಮೇಲೆ ಚಂದಾ ಬಂದಾಗಲೂ ದಿನಕ್ಕೆ 25 ರೂಪಾಯಿ. ದಿನಕ್ಕೆ 1,500 ದುಡಿದರೆ ಶೇಕಡಾ 20ರ ಲೆಕ್ಕದಲ್ಲಿ 300 ಹೋಗಬೇಕಿತ್ತು, ಇಲ್ಲಿ 25. ಕಡೆಗೆ 2025ರಲ್ಲಿ ಊಬರ್ ಕೂಡ ಆಟೋಗಳಿಗೆ ಚಂದಾ ಪದ್ಧತಿಗೆ ಬಂತು. ಆಟೋದವರು ಸ್ಟ್ಯಾಂಡಿನಲ್ಲಿ ಒಟ್ಟಿಗೆ ಟೀ ಕುಡೀತಾರೆ, ಲೆಕ್ಕ ಮಾತಾಡ್ತಾರೆ. ಲ್ಯಾಪ್‌ಟಾಪ್ ಮುಂದೆ ಕೂತವರು ಒಬ್ಬೊಬ್ಬರೇ. ವ್ಯತ್ಯಾಸ ಇಷ್ಟೇ.

ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಕಾನೂನು ಬಂತು. ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಕೊಡೋ ಹಣದ ಶೇಕಡಾ 1ರಿಂದ 5ರಷ್ಟನ್ನ ಕಂಪನಿಯೇ ಕಲ್ಯಾಣ ನಿಧಿಗೆ ಕಟ್ಟಬೇಕು. ಕೆಲಸದಿಂದ ತೆಗೆಯೋಕೆ ಮುಂಚೆ 14 ದಿನದ ನೋಟಿಸ್ ಕೊಡಬೇಕು. ಪಟ್ಟಿಯಲ್ಲಿ ಕ್ಯಾಬ್, ಡೆಲಿವರಿ ಮಾತ್ರ ಅಲ್ಲ, ವೃತ್ತಿಪರ ಸೇವೆಗಳೂ ಇವೆ. ಆದರೆ ಸಭೆಗಳಿಗೆ ಬರೋರು ಬೈಕು, ಆಟೋದವರು. ಮನೆಯೊಳಗೆ ಕೂತು ಹೊರದೇಶಕ್ಕೆ ದುಡಿಯೋ ನಮ್ಮ ಹೆಣ್ಣುಮಕ್ಕಳು ತಾವೂ ಕಾರ್ಮಿಕರು ಅಂತಲೇ ಅಂದ್ಕೊಂಡಿಲ್ಲ. ಅವರನ್ನ ನಾವೂ ಕರೆದಿಲ್ಲ. ಇದು ನಮ್ಮ ಸಂಘಟನೆಗಳ ತಪ್ಪು, ನನ್ನದೂ ಸೇರಿ.

ಅದಕ್ಕೆ ಎರಡೇ ಕೆಲಸ ಕೇಳ್ತೀನಿ. ಒಂದು, ನಿಮ್ಮ ನಿಮ್ಮ ಮನೆಯ ಮಕ್ಕಳ ಜೊತೆ ಕೂತು ಒಂದು ತಿಂಗಳ ಲೆಕ್ಕ ಬರೀರಿ. ಹೇಳಿದ ರೇಟು, ಮುರಕೊಂಡಿದ್ದು, ಅರ್ಜಿಗೆ ಹೋದ ದುಡ್ಡು, ಕೂಲಿ ಇಲ್ಲದ ಗಂಟೆ, ಕೈಗೆ ಬಂದಿದ್ದು. ಎರಡು, ಆ ಲೆಕ್ಕ ಹಿಡ್ಕೊಂಡು ಯೂನಿಯನ್ ಸಭೆಗೆ ಕರ್ಕೊಂಡು ಬನ್ನಿ. ಹೊರದೇಶದ ಕಂಪನಿಗಳೂ ಈ ಕಾನೂನಿನೊಳಗೆ ಬರಬೇಕು ಅಂತ ಕೇಳೋಣ.

ನಾನು ಹೊರಡುವಾಗ ಹುಡುಗಿ ನೋಟ್‌ಬುಕ್ ವಾಪಸ್ ಇಸ್ಕೊಂಡಳು. "ಹಿಂದಿನ ತಿಂಗಳದ್ದೂ ಬರೀತೀನಿ ಮಾವ" ಅಂದಳು. ಅಪ್ಪ ಇದ್ದಿದ್ದರೆ ಓದೋಕೆ ಆಗ್ತಿರಲಿಲ್ಲ. ಆದರೆ ಅದು ಏನು ಅಂತ ಅವರಿಗೆ ಗೊತ್ತಾಗ್ತಿತ್ತು.

ಜೈ ಭೀಮ್.